ಅಡಿಗೆಮನೆಯ ಧ್ಯಾನ: ಮೊಳಕೆಗೆ ಕಟ್ಟಿದ ರಾಗಿ



“ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸವೇ ಆಗಿಹೋಗುತ್ತದೆ, ಸತ್ಯವೇದವನ್ನು ಕೈಗೆತ್ತಿಕೊಳ್ಳಲು ವೇಳೆಯೆಲ್ಲಿ? ವಿಶ್ವಾಸದಲ್ಲಿ ನಾನು ಮದುವೆಯಾದಂದು ಇದ್ದಲ್ಲಿಯೇ ಇರುವೆನಲ್ಲಾ” ಎಂಬ ಕೊರಗು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಅಪರೂಪವಾದುದಲ್ಲ. ಇದನ್ನು ಸೋಮಾರಿತನದ ನೆಪವೆಂದು ತಳ್ಳಿಬಿಡುವುದು ನ್ಯಾಯವಲ್ಲ. ನೀರು, ಒಲೆ, ಮಕ್ಕಳು, ಮುದುಕರು, ಇವು ಯಾವುವೂ ನಮ್ಮ ಪ್ರಾರ್ಥನೆ ಮುಗಿಯಲೆಂದು ಕಾಯುವುದಿಲ್ಲ. ಆದರೆ ವೇಳೆ ದೊರೆಯದ ಮಾತ್ರಕ್ಕೆ ಆತ್ಮದ ಬೆಳವಣಿಗೆಯೇ ನಿಂತುಹೋಯಿತೆಂದು ತೀರ್ಮಾನಿಸಬಹುದೆ?

ನಮ್ಮ ಸೀಮೆಯ ರಾಗಿಯನ್ನೇ ನೋಡೋಣ. ಬೀಸುವ ಕಲ್ಲು ಮೂಲೆ ಸೇರಿ, ಗಿರಣಿಯ ಹಿಟ್ಟು ಬಂದು ಬಹುಕಾಲವಾಯಿತು. ಆದರೂ ಎಳೆಯ ಕೂಸಿರುವ ಮನೆಗಳಲ್ಲಿ ರಾಗಿಯನ್ನು ಮೊಳಕೆಗೆ ಕಟ್ಟುವ ಪದ್ಧತಿಯು ಇಂದಿಗೂ ಉಂಟು. ಮೊರದಲ್ಲಿ ಕೇರಿ, ಕಲ್ಲುಮಣ್ಣು ಹೋಗುವಂತೆ ತೊಳೆದು, ಒಂದು ರಾತ್ರಿ ನೆನೆಯಿಟ್ಟು, ನೀರು ಬಸಿದು, ತೆಳುವಾದ ಒದ್ದೆ ಬಟ್ಟೆಯಲ್ಲಿ ಗಂಟುಕಟ್ಟಿ ಇಡುವರು. ಬೇಸಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ. ಬಟ್ಟೆ ಒಣಗಿದರೆ ಮೊಳಕೆ ಬಾಡುವುದು. ನೀರು ನಿಂತರೆ ಕಾಳು ಕೊಳೆತು ನಾರುವುದು. ಆದಕಾರಣ ಆಗಾಗ್ಗೆ ಒಂದು ಹಿಡಿ ನೀರು ಚಿಮುಕಿಸುವುದಷ್ಟೇ ಗೃಹಿಣಿಯ ಪಾಲಿನ ಕೆಲಸ. ಗಂಟಿನೊಳಗೆ ನಡೆಯುವುದು ಅವಳ ಕೈಯದಲ್ಲ. ಅಲ್ಲಿ ಕಾಳಿನ ಪಿಷ್ಟವು ಒಡೆದು ಸ್ವಲ್ಪಸ್ವಲ್ಪವಾಗಿ ಸಕ್ಕರೆಯಾಗುತ್ತಿರುತ್ತದೆ. ಆದುದರಿಂದಲೇ ಮೊಳಕೆ ರಾಗಿಯ ಗಂಜಿಯು ತೆಳುವಾಗಿ, ಸಿಹಿಯಾಗಿ, ಕೂಸಿಗೆ ಸುಲಭವಾಗಿ ಜೀರ್ಣವಾಗುವುದು. ಮೊಳೆಯಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಗಂಟು ಬಿಚ್ಚಿ ನೋಡುವ ಸೊಸೆಯನ್ನು ಅತ್ತೆಯವರು ಗದರಿಸುವುದು ಸುಮ್ಮನೆಯಲ್ಲ.

ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಇಂಥದೇ ಒಂದು ಸಾಮ್ಯವನ್ನು ಹೇಳಿರುವನು. ರೈತನು ಬಿತ್ತನೆ ಮುಗಿಸಿ ತನ್ನ ನಿತ್ಯದ ಕೆಲಸದಲ್ಲಿಯೂ ನಿದ್ರೆಯಲ್ಲಿಯೂ ಇರುವಾಗ, ಅವನಿಗೆ ತಿಳಿಯದ ರೀತಿಯಲ್ಲಿ ಬೀಜವು ಬೆಳೆಯುವುದೆಂಬುದು ಅದರ ತಾತ್ಪರ್ಯ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನೊಬ್ಬನೇ ಇದನ್ನು ಬರೆದಿರುವುದರಿಂದಲೋ ಏನೋ, ಪ್ರಸಂಗಗಳಲ್ಲಿ ಇದರ ಮಾತು ಕಡಿಮೆ. ಪಾತ್ರೆ ಉಜ್ಜುವಾಗ ಮನಸ್ಸಿನಲ್ಲಿಯೇ ಹೇಳಿಕೊಂಡ ಒಂದು ವಚನ, ನೆರೆಯವಳ ಮೇಲಿನ ಸಿಟ್ಟನ್ನು ನುಂಗಿಕೊಂಡು ಆಕೆಯ ಮನೆಗೆ ಕಳುಹಿಸಿದ ಒಂದು ಚೊಂಬು ಮಜ್ಜಿಗೆ, ಇವೇ ಆ ಹಿಡಿ ನೀರು. ನಾನು ಎಷ್ಟು ಬೆಳೆದೆನೆಂದು ದಿನವೂ ತನ್ನನ್ನು ಅಳೆದುಕೊಳ್ಳುವುದಾದರೋ ಗಂಟು ಬಿಚ್ಚಿ ನೋಡಿದಂತೆಯೇ ಸರಿ.

ಗುಬ್ಬಿಯ ಚರಿತ್ರೆಯಲ್ಲಿಯೂ ಇದಕ್ಕೆ ಒಂದು ನಿದರ್ಶನವುಂಟು. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ ಎಂಬ ತರುಣ ಬೋಧಕರು 1839ರಲ್ಲಿ ಈ ಸೀಮೆಗೆ ಬಂದು, ಗುಬ್ಬಿಯಲ್ಲಿದ್ದು ಸೇವೆಮಾಡಿ, ಆರೋಗ್ಯ ಕೆಟ್ಟುದರಿಂದ 1841ರಲ್ಲಿಯೇ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಬಿತ್ತಿದುದು ಏನಾಯಿತೆಂದು ಇಲ್ಲಿದ್ದು ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಆ ಮಿಷನ್ನಿನಿಂದ ಬೆಳೆದ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯಲ್ಲಿ ಒಂದಾಗುವಾಗ, ಅವರು ಹೊರಟುಹೋಗಿ 106 ವರುಷಗಳು ಕಳೆದಿದ್ದುವು.

ಮಾರ್ಥಳ ಕಥೆಯನ್ನು ಎತ್ತಿ ಗೃಹಿಣಿಯರನ್ನು ನೋಯಿಸುವವರೂ ಇರುವರು. ಲೂಕನು ಬರೆದುದನ್ನು ಸಾವಧಾನವಾಗಿ ಓದಿದರೆ, ಕರ್ತನು ಆಕೆಯನ್ನು ಆಕ್ಷೇಪಿಸಿದ್ದು ಅಡಿಗೆ ಮಾಡಿದ್ದಕ್ಕಲ್ಲ, ನೂರು ಚಿಂತೆಗಳಿಂದ ಕಳವಳಗೊಂಡುದಕ್ಕೆ ಎಂಬುದು ತಿಳಿಯುವುದು.

ಹಾಗೆಂದು ಮೇಲಿನ ಮಾತುಗಳು ಮನೆಯ ಗಂಡಸರಿಗೆ ಅನುಕೂಲವಾದ ಉಪದೇಶವಾಗಬಾರದು. ಹೆಂಗಸರಿಗೆ ಸಹನೆಯನ್ನು ಬೋಧಿಸಿ ತಾವು ಮಣೆಯ ಮೇಲೆ ಕುಳಿತಿರುವವರು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ದಯವಿಟ್ಟು ಓದತಕ್ಕದ್ದು. ರಾತ್ರಿಯೆಲ್ಲ ಬಲೆಬೀಸಿ ದಣಿದ ಶಿಷ್ಯರು ದಡಕ್ಕೆ ಬರುವಷ್ಟರಲ್ಲಿ, ಮರಣವನ್ನು ಜಯಿಸಿ ಎದ್ದ ಕರ್ತನ ಬಳಿ ಕೆಂಡ ಸಿದ್ಧವಾಗಿತ್ತು, ಅದರ ಮೇಲೆ ಮೀನು ಬೇಯುತ್ತಿತ್ತು, ರೊಟ್ಟಿಯೂ ಇತ್ತು. ಆತನೇ ಅವರನ್ನು ಊಟಕ್ಕೆ ಕರೆದು, ತನ್ನ ಕೈಯಿಂದಲೇ ಬಡಿಸಿದನು. ಊಟವಾದ ಮೇಲೆ ಕೆಂಡ ಆರಿಸಿ ಆ ಸ್ಥಳವನ್ನು ಶುಚಿಮಾಡಿದವರು ಯಾರೆಂಬುದನ್ನು ಮಾತ್ರ ಯೋಹಾನನು ಬರೆದಿಟ್ಟಿಲ್ಲ.