ಮನೆವಾರ್ತೆ: ಬೆನ್ನಿಗೆ ಚೀಲ ಕಟ್ಟಿ ಹೊರಟ ಮಗ

ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿ, ರಾಗಿಗುಡ್ಡದ ಆಂಜನೇಯಸ್ವಾಮಿಯ ದೇವಸ್ಥಾನಕ್ಕೆ ಸಮೀಪವಾಗಿ, ನಮ್ಮ ಮಿತ್ರರೊಬ್ಬರ ಅಕ್ಕನವರ ಮನೆ ಇರುವುದು. ಆ ಮನೆಯ ಮಗನಿಗೆ ಇಪ್ಪತ್ತನಾಲ್ಕು ವಯಸ್ಸು, ಬಿ.ಟಿ.ಎಂ. ಬಡಾವಣೆಯ ಒಂದು ಕಂಪೆನಿಯಲ್ಲಿ ಉದ್ಯೋಗ. ಕಳೆದ ಚಳಿಗಾಲದಲ್ಲಿ ಅವನು ಕಚೇರಿಯ ಕೆಲಸದ ಮೇಲೆ ಒಂದು ವಾರ ಚೆನ್ನೈಗೆ ಹೋಗಿಬರುವೆನೆಂದು ತಾಯಿಗೆ ಹೇಳಿ, ಬೆನ್ನಿಗೊಂದು ಚೀಲವನ್ನೇರಿಸಿಕೊಂಡು, ಒಬ್ಬನೇ ವಿಮಾನನಿಲ್ದಾಣಕ್ಕೆ ಹೊರಟನು. ತಾಯಿಯು ಬನಶಂಕರಿಯ ಗುಡಿಗೆ ಹೋಗಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪವನ್ನು ಹಚ್ಚಿಬಂದರು. ವಿಮಾನವಾದರೋ ಚೆನ್ನೈಗೆ ಹೋಗಲಿಲ್ಲ. ಸುಮಾರು ನಾಲ್ಕು ಗಂಟೆಗಳ ತರುವಾಯ, ಹಿಂದೆ ಸಯಾಮೆಂದು ಹೆಸರಾಗಿದ್ದ ಥಾಯ್ಲೆಂಡ್ ದೇಶದ ರಾಜಧಾನಿಯಾದ ಬ್ಯಾಂಕಾಕಿನಲ್ಲಿ ಇಳಿಯಿತು.

ಇದನ್ನು ನಾವು ಪರರ ಮನೆಯ ಸುದ್ದಿಯೆಂದು ಬರೆಯುತ್ತಿಲ್ಲ. ಬರೆಯಿರೆಂದು ಆ ತರುಣನೇ ಒಪ್ಪಿಗೆ ಕೊಟ್ಟಿರುವನು. ಇಂಥ ಯಾತ್ರೆ ಈಗ ನಮ್ಮ ಬಡಾವಣೆಗಳಲ್ಲಿ ಅಪೂರ್ವವೂ ಅಲ್ಲ. ೨೦೨೩ರ ನವೆಂಬರಿನಲ್ಲಿ ಥಾಯ್ಲೆಂಡಿನ ಸರ್ಕಾರದವರು ವೀಸಾ ಇಲ್ಲದೆ ೩೦ ದಿನ ಇರಲು ಭಾರತೀಯರಿಗೆ ಅನುಮತಿ ಕೊಟ್ಟರು. ೨೦೨೪ರ ಜುಲೈಯಲ್ಲಿ ಅದನ್ನು ೬೦ ದಿನಕ್ಕೆ ಹೆಚ್ಚಿಸಿದರು. ಇಂಥ ನಿಯಮಗಳು ಬದಲಾಗತಕ್ಕವಾದುದರಿಂದ ಹೊರಡುವವರು ಆಗಿಂದಾಗ್ಗೆ ವಿಚಾರಿಸಿಕೊಳ್ಳಬೇಕು. ಹೇಗೂ ಬಾಗಿಲು ತೆರೆದುದಷ್ಟೇ ತಡ, ಸಂಬಳ ಕಂಡ ತರುಣರು ಗುಂಪುಗುಂಪಾಗಿ ಹೋಗತೊಡಗಿದರು. ಹಾಸಿಗೆಯೊಂದಕ್ಕೆ ಇಷ್ಟೆಂದು ಬಾಡಿಗೆ ಕೊಟ್ಟು, ಎಂಟು ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಹಾಸ್ಟೆಲುಗಳು ಅಲ್ಲಿ ಧಾರಾಳವಾಗಿರುವುವು.

ಮೊದಲನೆಯ ದಿನ ಅವನು ಅರಮನೆಯನ್ನು ನೋಡಲು ಹೊರಟನಂತೆ. ಹೆಬ್ಬಾಗಿಲಿಗೆ ಸ್ವಲ್ಪ ದೂರದಲ್ಲಿ ಸಭ್ಯವೇಷದ ಒಬ್ಬ ಗೃಹಸ್ಥನು ಎದುರಾಗಿ, “ಇಂದು ವಿಶೇಷ ಪೂಜೆಯುಂಟು, ಅರಮನೆ ಮುಚ್ಚಿದೆ, ಬೇರೆ ದೇವಾಲಯಗಳನ್ನು ನೋಡಿ ಬನ್ನಿರಿ” ಎಂದು ಮೃದುವಾಗಿ ಹೇಳಿ, ಅತಿ ಸ್ವಲ್ಪ ಬಾಡಿಗೆಗೆ ಟುಕ್‌ಟುಕ್ ಎಂಬ ಮೂರು ಚಕ್ರದ ಗಾಡಿಯನ್ನು ಗೊತ್ತುಮಾಡಿ ಕೊಟ್ಟನು. ಗಾಡಿಯು ಒಂದು ಗುಡಿಯನ್ನು ತೋರಿಸಿ, ರತ್ನದ ಅಂಗಡಿಯ ಮುಂದೆ ನಿಂತಿತು. ನಮ್ಮ ತರುಣನು ನೀಲದ ಉಂಗುರವೊಂದನ್ನು ಕೊಂಡನು. ಅದು ಬಣ್ಣದ ಗಾಜೆಂದು ಜಯನಗರದ ಅಕ್ಕಸಾಲಿಯು ಆಮೇಲೆ ಹೇಳಿದನು. ಅರಮನೆಯಾದರೋ ಆ ದಿನವೆಲ್ಲ ತೆರೆದೇ ಇದ್ದಿತು! ಈ ಉಪಾಯವು ಆ ಊರಿನಲ್ಲಿ ಬಹುಕಾಲದಿಂದ ನಡೆದು ಬಂದಿರುವುದು. ಬಾಗಿಲಿನವರೆಗೂ ನಡೆದುಹೋಗಿ ಕಣ್ಣಾರೆ ನೋಡುವುದೊಂದೇ ಅದಕ್ಕೆ ಮದ್ದು.

ಎರಡನೆಯ ದಿನ ಅವನು ಮೊಣಕಾಲು ಮುಚ್ಚುವ ಉಡುಪನ್ನು ಧರಿಸಿ ಒಳಹೊಕ್ಕನು. ಹಾಗಲ್ಲದೆ ಅಲ್ಲಿ ಬಿಡುವುದಿಲ್ಲ. ೧೭೮೨ರಲ್ಲಿ ಒಂದನೆಯ ರಾಮನೆಂಬ ಅರಸನು ಈ ಊರನ್ನು ರಾಜಧಾನಿಯಾಗಿ ಮಾಡಿದನು. ಅರಮನೆಯ ಆವರಣದಲ್ಲಿರುವ ಹಸುರುಶಿಲೆಯ ಬುದ್ಧಮೂರ್ತಿಯ ಎತ್ತರ ೬೬ ಸೆಂಟಿಮೀಟರು ಮಾತ್ರ. ಆದರೂ ರಾಜ್ಯಕ್ಕೆಲ್ಲ ಅದೇ ರಕ್ಷೆಯೆಂದು ಅವರ ನಂಬುಗೆ. ಋತುವಿಗೊಂದರಂತೆ ವರ್ಷಕ್ಕೆ ಮೂರು ಬಾರಿ ಅದರ ವಸ್ತ್ರವನ್ನು ಬದಲಾಯಿಸುವರು. ಸುತ್ತಲಿನ ಗೋಡೆಗಳ ಮೇಲೆ ೧೭೮ ಅಂಕಣಗಳಲ್ಲಿ ರಾಮಾಯಣವನ್ನು ಚಿತ್ರಿಸಿರುವರು. ಅವರ ಕಥೆಯಲ್ಲಿ ಹನುಮಂತನು ಬಿಳಿಯ ಮೈಯವನು, ಬ್ರಹ್ಮಚಾರಿಯಲ್ಲ! ಸೇತುವೆಯನ್ನು ಕಟ್ಟುವಾಗ ರಾವಣನ ಮಗಳಾದ ಸುವರ್ಣಮತ್ಸ್ಯಕನ್ಯೆಯಲ್ಲಿ ಅವನು ಅನುರಕ್ತನಾಗುವನು. ರಾಗಿಗುಡ್ಡದ ನೆರಳಿನಲ್ಲಿ ಬೆಳೆದ ಹುಡುಗನಿಗೆ ಇದನ್ನು ಕೇಳಿ ನಗುವೂ ಬಂದಿತು, ಬೆರಗೂ ಆಯಿತು. ಸಮೀಪದ ವಾಟ್ ಫೋ ಎಂಬ ವಿಹಾರದಲ್ಲಿ ೪೬ ಮೀಟರು ಉದ್ದದ ಶಯನಬುದ್ಧನನ್ನೂ, ನದಿಯಾಚೆ ಅರುಣನ ಹೆಸರನ್ನು ಹೊತ್ತಿರುವ ವಾಟ್ ಅರುಣವನ್ನೂ ನೋಡಿದನು. ನದಿಯಲ್ಲಿ ಜನರನ್ನು ಸಾಗಿಸುವ ದೋಣಿಗಳು ನಮ್ಮ ಸಿಟಿ ಬಸ್ಸುಗಳಂತೆ ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗುವುವು.

ಊಟದ ವಿಷಯದಲ್ಲಿ ಗೃಹಿಣಿಯರಿಗೆ ಒಂದು ಮಾತು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸವನ್ನು ಹಾಕುವುದು ವಾಡಿಕೆ. ‘ಜೇ’ ಎಂಬ ಕೆಂಪಕ್ಷರವುಳ್ಳ ಹಳದಿಯ ಬಾವುಟ ಕಂಡಲ್ಲಿ ಮೀನು, ಮಾಂಸ, ಮೊಟ್ಟೆಗಳಷ್ಟೇ ಅಲ್ಲದೆ ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ನಮ್ಮ ಮಡಿಯ ಅಡಿಗೆಮನೆಗಳಿಗೂ ಈ ನಿಯಮ ಹೊಸತಲ್ಲ.

ಆ ರಾತ್ರಿ ಅವನು ಖಾವ್ ಸಾನ್ ಎಂಬ ಬೀದಿಗೆ ಹೋದನು. ಆ ಮಾತಿಗೆ ಅಕ್ಕಿಯೆಂದು ಅರ್ಥ. ನಮ್ಮ ಅಕ್ಕಿಪೇಟೆಯಂತೆ ಅದೂ ಹಿಂದೆ ಅಕ್ಕಿಯ ವ್ಯಾಪಾರದ ಸ್ಥಳವಾಗಿದ್ದಿತು. ೧೯೮೦ರ ದಶಕದಿಂದೀಚೆಗೆ ಬೆನ್ನಚೀಲದ ಯಾತ್ರಿಕರು ಅಲ್ಲಿ ಬೀಡುಬಿಡತೊಡಗಿದರು. ಈಗ ಸಂಜೆಯಾದೊಡನೆ ಅಲ್ಲಿ ದೀಪ, ವಾದ್ಯ, ಕುಣಿತ. ಮದ್ಯವನ್ನು ಸಣ್ಣ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೊಯ್ದು ಮಾರುವರು. ಮನೆಯಲ್ಲಿ ಕಾಫಿಯನ್ನಲ್ಲದೆ ಬೇರೊಂದನ್ನು ಕುಡಿಯದ ಹುಡುಗನು, ಆಗತಾನೆ ಪರಿಚಯವಾದ ನಾಲ್ವರ ಸಂಗಡ ಕುಳಿತು ಆ ಬಕೆಟ್ಟಿಗೆ ಕೈಹಾಕಿದನು. ಮೊದಮೊದಲು ಬಹಳ ಸಂತೋಷವಾಗಿದ್ದಿತೆಂದು ಅವನೇ ಹೇಳಿದನು. ನಾವು ಅದನ್ನು ಮುಚ್ಚಿಡುವುದಿಲ್ಲ. ಎಚ್ಚರವಾದಾಗ ಅವನು ಒಂದು ಅಂಗಡಿಯ ಜಗಲಿಯ ಮೇಲೆ ಮಲಗಿದ್ದನು. ಸಂಗಡಿಗರು ಇರಲಿಲ್ಲ, ಹಣದ ಚೀಲವೂ ಮೊಬೈಲೂ ಇರಲಿಲ್ಲ.

ಪುಣ್ಯಕ್ಕೆ ಪಾಸ್‌ಪೋರ್ಟು ಹಾಸ್ಟೆಲಿನ ಪೆಟ್ಟಿಗೆಯಲ್ಲಿತ್ತು. ಅವನು ದಾರಿಯನ್ನು ಕೇಳಿಕೊಂಡು ನಡೆದುಬಂದು, ಹಾಸ್ಟೆಲಿನವರ ಫೋನಿನ ಮುಂದೆ ನಿಂತನು. ಬಾಯಿಪಾಠವಾಗಿದ್ದ ಸಂಖ್ಯೆಗಳು ಎರಡೇ: ತಾಯಿಯದೊಂದು, ಬನಶಂಕರಿಯಲ್ಲಿರುವ ಸೋದರಮಾವನದೊಂದು. ತಾಯಿಗೆ ಫೋನು ಮಾಡಲು ಕೈ ಬರಲಿಲ್ಲ. ಏನೆಂದು ಹೇಳುವುದು? ಚೆನ್ನೈಯಲ್ಲಿ ಕಳೆದುಹೋಯಿತೆನ್ನುವುದೇ? ಹಾಗೆ ಕಾಲು ಗಂಟೆ ನಿಂತಿದ್ದನಂತೆ. ಕಡೆಗೆ ಮಾವನಿಗೆ ಮಾಡಿದನು. ಅಲ್ಲಿ ಮೂರು ಗಂಟೆ. ಇಲ್ಲಿ ರಾತ್ರಿ ಒಂದೂವರೆ.

ನಮ್ಮ ಮಿತ್ರರು ಕೋಪಿಸಿಕೊಳ್ಳದೆ ಎಲ್ಲವನ್ನೂ ಕೇಳಿದರು. ಬ್ಯಾಂಕಿನ ಕಾರ್ಡುಗಳನ್ನು ಕೂಡಲೇ ನಿಲ್ಲಿಸಿದರು. ಪ್ರವಾಸಿಗಳಿಗೆಂದೇ ಇರುವ ಪೊಲೀಸಿನವರ ಸಂಖ್ಯೆ ೧೧೫೫ ಎಂಬುದನ್ನು ಹುಡುಕಿ, ದೂರು ಬರೆಯಿಸೆಂದು ಹೇಳಿದರು. ಅದೇ ಹಾಸ್ಟೆಲಿನಲ್ಲಿ ಹುಬ್ಬಳ್ಳಿಯ ಕಡೆಯ ತರುಣನೊಬ್ಬನು ಇದ್ದನು. ಅವನು ಕೈಯಿಂದ ಹಣ ಕೊಟ್ಟನು; ಇವರು ಅವನ ಇಲ್ಲಿನ ಖಾತೆಗೆ ಅಷ್ಟನ್ನೂ ತುಂಬಿದರು. ಇಷ್ಟಾದ ಮೇಲೆ, “ನೋಡಪ್ಪ, ಬೆಳಿಗ್ಗೆ ಆರು ಗಂಟೆಗೆ ನಿಮ್ಮಮ್ಮ ಏಳುತ್ತಾಳೆ. ನಾನು ಹೇಳುವುದಿಲ್ಲ, ನೀನೇ ಹೇಳಬೇಕು” ಎಂದರು. ಅವನು ಹಾಗೆಯೇ ಮಾಡಿದನು.

ಹುಡುಗನು ಹಿಂದಿರುಗಿದ ಮೇಲೆ ನಾವು ಆ ಮನೆಗೆ ಹೋಗಿದ್ದೆವು. ತಾಯಿಯು ಕಾಫಿಯನ್ನು ತಂದಿಟ್ಟು ಹೇಳಿದ ಮಾತು ಇದು: “ನಾನು ಬಯ್ಯುತ್ತಿದ್ದೆ, ಸುಳ್ಳಲ್ಲ. ಆದರೆ ಬಯ್ದ ಮೇಲೆ ಊಟ ಮಾಡಿದೆಯೇನೋ ಎಂದು ಕೇಳುತ್ತಿದ್ದೆ. ಅದು ಇವನಿಗೆ ಗೊತ್ತಿರಲಿಲ್ಲವಲ್ಲ, ಅದೇ ನನಗೆ ಸಂಕಟ.” ಮಗನು ತಲೆ ತಗ್ಗಿಸಿ, “ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅಮ್ಮ” ಎಂದನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು, ಎನ್ನುತ್ತಿದ್ದೆ” ಎಂದರು.

ವಾಚಕ ಮಹಾಶಯರು ಇಬ್ಬರ ಮಾತನ್ನೂ ತೂಗಿ ನೋಡಬೇಕು. ಮಗನು ಸುಳ್ಳಾಡಿದುದು ತಪ್ಪು. ಆದರೆ ಕೇಳಿದುದಕ್ಕೆಲ್ಲ ‘ಬೇಡ’ವೆಂಬ ಒಂದೇ ಉತ್ತರವುಳ್ಳ ಮನೆಯಲ್ಲಿ ಮಕ್ಕಳು ಕೇಳುವುದನ್ನೇ ಬಿಡುವರು. ಸಂಬಳವನ್ನು ತಾವೇ ಗಳಿಸುವ ಮಕ್ಕಳು ಹೋಗುವುದನ್ನಂತೂ ಬಿಡುವುದಿಲ್ಲ. ಮನೆಯವರಿಗೆ ತಿಳಿಯದಂತೆ ಹೋದವನಿಗೆ ಆಪತ್ಕಾಲದಲ್ಲಿ ಮನೆಯೇ ಇಲ್ಲದಂತಾಗುವುದು.

ಆಪತ್ತುಗಳಾದರೋ ಹಣದ ಚೀಲಕ್ಕೇ ಮುಗಿಯುವುದಿಲ್ಲ. ಥಾಯ್ಲೆಂಡಿನವರು ೨೦೨೨ರ ಜೂನಿನಲ್ಲಿ ಗಾಂಜಾವನ್ನು ಮಾದಕ ಪದಾರ್ಥಗಳ ಪಟ್ಟಿಯಿಂದ ತೆಗೆದು, ೨೦೨೫ರ ಜೂನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಮತ್ತೆ ಬಿಗಿಮಾಡಿದರು. ಅಲ್ಲಿನ ವಿಧಿ ಏನೇ ಇರಲಿ, ನಮ್ಮ ದೇಶದಲ್ಲಿ ೧೯೮೫ರ ಕಾಯಿದೆಯ ಪ್ರಕಾರ ಅದನ್ನು ತರುವುದು ಅಪರಾಧ; ಪ್ರಮಾಣವು ೨೦ ಕಿಲೋಗ್ರಾಮನ್ನು ಮೀರಿದರೆ ೧೦ ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಬ್ಯಾಂಕಾಕಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಗಾಂಜಾ ಸಿಕ್ಕ ಸುದ್ದಿಯು ನಮ್ಮ ಕೆಂಪೇಗೌಡ ವಿಮಾನನಿಲ್ದಾಣದಿಂದಲೇ ೨೦೨೪ ಮತ್ತು ೨೦೨೫ರಲ್ಲಿ ಮೇಲಿಂದ ಮೇಲೆ ಬಂದಿತು. ಇನ್ನು ಕೆಲಸ ಕೊಡಿಸುವೆವೆಂದು ಬ್ಯಾಂಕಾಕಿಗೆ ಕರೆಸಿ, ಗಡಿಯಾಚೆಯ ಮ್ಯಾನ್ಮಾರಿನ ಮೋಸಗಾರರ ಕೋಟೆಗಳಿಗೆ ಸಾಗಿಸುವವರೂ ಉಂಟು. ಅಲ್ಲಿಂದ ಬಿಡಿಸಿದ ೫೪೯ ಮಂದಿ ಭಾರತೀಯರನ್ನು ೨೦೨೫ರ ಮಾರ್ಚಿಯಲ್ಲಿ ನಮ್ಮ ಸರ್ಕಾರವು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಆದುದರಿಂದ ಹೊರಡುವ ಮಕ್ಕಳಿಗೆ ಚಕ್ಕುಲಿಯ ಡಬ್ಬಿಯ ಸಂಗಡ ಇಷ್ಟನ್ನು ಕಟ್ಟಿಕೊಡಿರಿ. ಮನೆಯ ಎರಡು ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಪ್ರತಿಯೊಡನೆ ಬೇರೆಯಾಗಿ ಇಡಿಸಿರಿ. ತಂಗುವ ಸ್ಥಳದ ವಿಳಾಸವನ್ನು ನೀವು ಬರೆದಿಟ್ಟುಕೊಳ್ಳಿರಿ. ಹಣವನ್ನು ಎರಡು ಕಡೆ ಇರಿಸಲು ಹೇಳಿರಿ. ಪರರ ಪೊಟ್ಟಣವನ್ನು, ಅದು ಔಷಧವೆಂದರೂ, ಮುಟ್ಟಕೂಡದೆಂದು ತಿಳಿಸಿರಿ. ಕಡೆಯದಾಗಿ, “ಏನಾದರೂ ಸರಿ, ಎಷ್ಟು ಹೊತ್ತಾದರೂ ಸರಿ, ಮೊದಲು ನಮಗೆ ಫೋನು ಮಾಡು” ಎಂಬ ಮಾತನ್ನು ಬಾಗಿಲಲ್ಲಿ ನಿಂತು ಹೇಳಿರಿ, ಹೇಳಿದಂತೆ ನಡೆದುಕೊಳ್ಳಿರಿ.

ಆ ಮನೆಯಲ್ಲಿ ಈಗ ಇನ್ನೊಂದು ಯಾತ್ರೆಯ ಮಾತು ನಡೆದಿರುವುದು. ಬರುವ ಚಳಿಗಾಲದಲ್ಲಿ ಮಗನ ಸಂಗಡ ತಾಯಿಯೂ ಹೊರಡುವರಂತೆ. ಖಾವ್ ಸಾನ್ ಬೀದಿಯನ್ನು ಹಗಲಿನಲ್ಲಿ ಒಮ್ಮೆ ನೋಡಿದರೆ ಸಾಕು. ಆದರೆ ಮೀನಿನ ಕನ್ಯೆಗೆ ಮನಸೋತ ಹನುಮಂತನನ್ನು ಮಾತ್ರ ನಿಧಾನವಾಗಿ ನೋಡಬೇಕೆಂದು ಆಕೆಯ ಅಪೇಕ್ಷೆ.