ನಾಮಿನಿ ಒಬ್ಬ, ವಾರಸುದಾರ ಇನ್ನೊಬ್ಬ

ಹಣ ಉಳಿಸುವುದನ್ನು ನಮ್ಮ ಹೊಟೇಲು ಬಂಧುಗಳಿಗೆ ಯಾರೂ ಕಲಿಸಬೇಕಾದುದಿಲ್ಲ. 1928ರಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆದುಕೊಂಡು ಹೋಗುವ ಪಿಗ್ಮಿ ಠೇವಣಿಯನ್ನು ಆರಂಭಿಸಿದ ಬ್ಯಾಂಕು ಉಡುಪಿಯದೇ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತಾದರೂ ಪಿಗ್ಮಿ ಎಂಬ ಮಾತು ನಮ್ಮವರ ಬಾಯಿಂದ ಹೋಗಿಲ್ಲ. ಕಾಸಿಗೆ ಕಾಸು ಕೂಡಿಸುವ ವಿದ್ಯೆಯನ್ನು ಇಷ್ಟು ಚೆನ್ನಾಗಿ ಬಲ್ಲ ಜನ, ಕೂಡಿಸಿದ ಗಂಟು ತಮ್ಮ ನಂತರ ಯಾರ ಕೈ ಸೇರಬೇಕೆಂಬ ವಿಷಯದಲ್ಲಿ ಮಾತ್ರ ತೀರಾ ಉದಾಸೀನರಾಗಿರುವುದು ನಮಗೆ ಸೋಜಿಗವನ್ನುಂಟುಮಾಡುತ್ತದೆ.

ಈ ಉದಾಸೀನದ ಬೇರು ಒಂದು ಶಬ್ದದಲ್ಲಿದೆ. ಬ್ಯಾಂಕಿನ ಫಾರಮಿನಲ್ಲಿ, ವಿಮಾಪತ್ರದಲ್ಲಿ, ಭವಿಷ್ಯನಿಧಿಯ ಕಾಗದದಲ್ಲಿ, ಎಲ್ಲೆಲ್ಲಿಯೂ ‘ನಾಮಿನಿ’ ಎಂಬ ಒಂದು ಸಾಲು ಇರುತ್ತದೆ. ನಾವು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ವರ್ಷಗಳಲ್ಲಿ ಆ ಸಾಲನ್ನು ತುಂಬುವ ಕ್ರಮವನ್ನು ನೂರಾರು ಸಲ ಕಂಡಿದ್ದೇವೆ. ಊರಿನಿಂದ ಆಗತಾನೆ ಬಂದ ಹುಡುಗ, ಬರೆಯುವವರು ಲೆಕ್ಕದವರು. “ಯಾರ ಹೆಸರು ಹಾಕಲಿ?” ಎಂದು ಅವರು ಕೇಳುವರು. “ಅಣ್ಣನದೇ ಹಾಕಿಬಿಡಿ” ಎಂದು ಹುಡುಗ ಹೇಳುವನು. ಕೆಲವರು ಭಕ್ತಿಯಿಂದ ಸಾಹುಕಾರರ ಹೆಸರನ್ನೇ ಹೇಳುವುದೂ ಉಂಟು! ಅಲ್ಲಿಗೆ ಆ ಕಾಗದ ಟ್ರಂಕಿನ ತಳ ಸೇರಿತು. ಹುಡುಗನಿಗೆ ಮದುವೆಯಾಯಿತು, ಮಕ್ಕಳಾದವು, ತಲೆ ನರೆಯಿತು. ಟ್ರಂಕಿನೊಳಗಿನ ಹೆಸರು ಮಾತ್ರ ಬದಲಾಗಲಿಲ್ಲ.

ನಾಮಿನಿ ಎಂದರೆ ಹಣದ ಒಡೆಯ ಎಂದು ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ತಿಳಿದಿರುವಂತೆ ತೋರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಜೀವವಿಮೆಗೆ ಸಂಬಂಧಪಟ್ಟ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1983ರಷ್ಟು ಹಿಂದೆಯೇ ಇದನ್ನು ಸ್ಪಷ್ಟಪಡಿಸಿದೆ: ನಾಮಿನಿಯು ಹಣವನ್ನು ಪಡೆಯುವ ಕೈಯೇ ಹೊರತು ಅದನ್ನು ಅನುಭವಿಸುವ ಹಕ್ಕುದಾರನಲ್ಲ, ಹಣವು ಮೃತನ ವಾರಸುದಾರರಿಗೆ ಸಲ್ಲತಕ್ಕದ್ದು. ಕಂಪೆನಿಯ ಶೇರುಗಳ ಬಗೆಗೂ ಅದೇ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ತಿಂಗಳು ತಿಂಗಳೂ ಸಂಬಳದಲ್ಲಿ ಒಂದಿಷ್ಟನ್ನು ಶೇರುಗಳಲ್ಲಿ ತೊಡಗಿಸುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ಗಮನಿಸಬೇಕು.

ಒಂದು ಉದಾಹರಣೆಯಿಂದ ವಿಷಯ ತಿಳಿಯಾದೀತು. ಕುಂದಾಪುರದ ಕಡೆಯ ಒಬ್ಬ ಸಪ್ಲಾಯರ್ ಮಾಟುಂಗದಲ್ಲಿ ದುಡಿದು ಬ್ಯಾಂಕಿನಲ್ಲಿ 4 ಲಕ್ಷ ರೂಪಾಯಿ ಇಟ್ಟಿದ್ದಾನೆನ್ನೋಣ. ನಾಮಿನಿ ಅಣ್ಣ. ಊರಿನಲ್ಲಿ ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ವೃದ್ಧೆಯಾದ ತಾಯಿ. ಉಯಿಲು ಬರೆದಿಡದೆ ಆತ ತೀರಿಕೊಂಡರೆ ಬ್ಯಾಂಕು ನಾಲ್ಕು ಲಕ್ಷವನ್ನೂ ಅಣ್ಣನ ಕೈಗೆ ಕೊಡುತ್ತದೆ. ಕೊಟ್ಟೊಡನೆ ಬ್ಯಾಂಕಿನ ಹೊಣೆ ತೀರಿತು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿಗೊಂದು, ಮಗನಿಗೊಂದು, ಮಗಳಿಗೊಂದು, ತಾಯಿಗೊಂದು ಎಂದು ಸಮಪಾಲು. ಒಬ್ಬೊಬ್ಬರಿಗೆ 1 ಲಕ್ಷ. ಅಣ್ಣನ ಪಾಲು ಸೊನ್ನೆ. ಅಣ್ಣ ಧರ್ಮಿಷ್ಠನಾದರೆ ಹಣವನ್ನು ಮನೆ ಮುಟ್ಟಿಸುವನು. ಅಲ್ಲವಾದರೆ, ಮುಂಬಯಿಯನ್ನು ಕಣ್ಣಿನಿಂದ ಕಂಡರಿಯದ ಆ ಹೆಣ್ಣುಮಗಳು ವಕೀಲರನ್ನು ಹುಡುಕಿಕೊಂಡು ಅಲೆಯಬೇಕು. ಕಾನೂನು ಆಕೆಯ ಪಕ್ಷದಲ್ಲಿದೆ ನಿಜ. ಆದರೆ ಮುಸುರೆ ತಿಕ್ಕಿ ಮಕ್ಕಳನ್ನು ಸಾಕುವವಳಿಗೆ ಹತ್ತು ವರ್ಷಗಳ ಅನಂತರ ಬರುವ ತೀರ್ಪಿನಿಂದ ಇಂದಿನ ಗಂಜಿ ಬೇಯುವುದಿಲ್ಲ. ಮುಸಲ್ಮಾನ ಮತ್ತು ಕ್ರೈಸ್ತ ಬಂಧುಗಳಿಗೆ ಪಾಲಿನ ಲೆಕ್ಕ ಬೇರೆ. ನಾಮಿನಿಯ ಹೆಸರನ್ನು ಆಗಾಗ ನೋಡಿಕೊಳ್ಳಬೇಕಾದ ಅಗತ್ಯ ಅವರಿಗೂ ಅಷ್ಟೇ ಇದೆ.

ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. 2025ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಮದುವೆಗೆ ಮೊದಲು ವಿಮೆ ಇಳಿಸಿದವನೊಬ್ಬ ತಾಯಿಯನ್ನು ನಾಮಿನಿಯಾಗಿ ಮಾಡಿದ್ದ. ಮದುವೆಯಾಗಿ ಮಗುವಾದರೂ ಹೆಸರನ್ನು ಬದಲಿಸಲಿಲ್ಲ. ಅವನು ತೀರಿಕೊಂಡ ಮೇಲೆ ಅತ್ತೆ ಸೊಸೆಯರು ನ್ಯಾಯಾಲಯದ ಎರಡು ಬದಿಗಳಲ್ಲಿ ನಿಂತರು. ತಾಯಿ, ಹೆಂಡತಿ, ಮಗು ಮೂವರಿಗೂ ಮೂರರಲ್ಲೊಂದು ಪಾಲೆಂದು ಕೊನೆಗೆ ತೀರ್ಮಾನವಾಯಿತು. ವಿಮಾ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ, ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ಅವರೇ ಹಣದ ಹಕ್ಕುದಾರರೆಂಬ ಮಾತು ಸೇರಿದೆ. ಆದರೂ ಅದು ಉಳಿದ ವಾರಸುದಾರರ ಹಕ್ಕನ್ನು ಅಳಿಸದೆಂಬುದು ಈ ತೀರ್ಪಿನ ಅಭಿಪ್ರಾಯ. ಒಂದೇ ಅಡಿಗೆಮನೆಯಲ್ಲಿ ಬಾಳಬೇಕಾದ ಇಬ್ಬರು ಹೆಂಗಸರನ್ನು ಕಟಕಟೆಗೆ ಎಳೆದದ್ದು ತುಂಬಿ ಮರೆತ ಒಂದು ಸಾಲು.

ಭವಿಷ್ಯನಿಧಿಯ ನಿಯಮ ಇನ್ನೊಂದು ಬಗೆಯದು. ಕುಟುಂಬವುಳ್ಳ ಸದಸ್ಯನು ಕುಟುಂಬದವರನ್ನೇ ಹೆಸರಿಸತಕ್ಕದ್ದು. ಕುಟುಂಬವಿಲ್ಲದ ಕಾಲದಲ್ಲಿ ಅಣ್ಣನನ್ನೋ ಸ್ನೇಹಿತನನ್ನೋ ಹೆಸರಿಸಿದ್ದರೆ ಮದುವೆಯಾದೊಡನೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಹೊಟೇಲುಗಳಿಗೆ ಈ ನಿಧಿ ಅನ್ವಯಿಸುತ್ತದೆ. ಸದಸ್ಯನು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಕುಟುಂಬಕ್ಕೆ ಸಲ್ಲುವ ವಿಮೆಯೂ ಇದಕ್ಕೆ ಅಂಟಿಕೊಂಡಿದೆ; 2021ರಿಂದ ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಇದಕ್ಕಾಗಿ ಕೆಲಸಗಾರನ ಸಂಬಳದಿಂದ ಒಂದು ಕಾಸೂ ಕಡಿತವಾಗುವುದಿಲ್ಲ. ಹೀಗಾಗಿಯೇ ಇರಬೇಕು, ಇಂಥದೊಂದು ಇದೆಯೆಂದು ಬಲ್ಲವರು ಬಹಳ ಕಡಮೆ.

ವಿಮೆಯ ಮಾತು ಬಂದುದರಿಂದ ಒಂದೆರಡು ಸಂಗತಿಗಳನ್ನು ಹೇಳಿಬಿಡುತ್ತೇವೆ. ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ. 18ರಿಂದ 50 ವಯಸ್ಸಿನೊಳಗೆ ಸೇರಬಹುದು. ಸುರಕ್ಷಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ. ಎರಡೂ ಜೂನ್ 1ರಿಂದ ಮೇ 31ರವರೆಗೆ ನಡೆಯುತ್ತವೆ. ಕಂತಿನ ಹಣ ಬ್ಯಾಂಕಿನ ಖಾತೆಯಿಂದ ತಾನಾಗಿ ಕಡಿತವಾಗುವುದರಿಂದ ಮೇ ಕೊನೆಗೆ ಖಾತೆ ಬರಿದಾಗಿದ್ದರೆ ವಿಮೆಯೂ ಇಲ್ಲ. “ನಾನು ಸಾಯದಿದ್ದರೆ ಹಣ ವಾಪಸು ಬರುತ್ತದೆಯೇ?” ಎಂದು ಕೇಳುವವರಿದ್ದಾರೆ. ಬರುವುದಿಲ್ಲ, ರಾತ್ರಿಯ ಕಾವಲುಗಾರನ ಸಂಬಳವನ್ನು ಕಳ್ಳ ಬರಲಿಲ್ಲವೆಂದು ಯಾರೂ ಹಿಂದಕ್ಕೆ ಕೇಳುವುದಿಲ್ಲವಷ್ಟೆ! ಹಣ ಹಿಂತಿರುಗಿ ಬರುವ ಪಾಲಿಸಿಗಳಲ್ಲಿ ವಿಮೆಯೂ ಉಳಿತಾಯವೂ ಬೆರೆತಿರುತ್ತವೆ. ಅದೇ ಮೊತ್ತದ ವಿಮೆಗೆ ಕಂತು ಎಷ್ಟೋ ಪಾಲು ಹೆಚ್ಚು. ಯಾವುದನ್ನು ಕೊಳ್ಳುತ್ತಿದ್ದೇವೆಂದು ತಿಳಿದು ಕೊಂಡರೆ ಆಕ್ಷೇಪವಿಲ್ಲ.

ಇನ್ನು ಉಯಿಲು. ಈ ಶಬ್ದ ಕಿವಿಗೆ ಬಿದ್ದರೆ ನಮ್ಮವರು ಅಪಶಕುನವೆಂಬಂತೆ ಮುಖ ತಿರುಗಿಸುತ್ತಾರೆ. ಇಲ್ಲವೆ, ಬಂಗಲೆ ತೋಟಗಳುಳ್ಳ ಸಾಹುಕಾರರ ವ್ಯವಹಾರವೆಂದು ನಗುತ್ತಾರೆ. ಎರಡೂ ಸಲ್ಲದು. ಹದಿನೆಂಟು ತುಂಬಿದ, ಸ್ವಸ್ಥ ಬುದ್ಧಿಯುಳ್ಳ ಯಾರೂ ಬರಿಯ ಬಿಳಿ ಹಾಳೆಯ ಮೇಲೆ, ಕನ್ನಡದಲ್ಲಿಯೇ, ಉಯಿಲು ಬರೆಯಬಹುದು. ಸ್ಟಾಂಪು ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಬರೆದವನು ರುಜುವನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕಬೇಕು, ಮತ್ತು ಅದಕ್ಕೆ ಇಬ್ಬರು ಸಾಕ್ಷಿಗಳು ತಮ್ಮ ರುಜು ಹಾಕಬೇಕು. ಉಯಿಲಿನಿಂದ ಏನನ್ನಾದರೂ ಪಡೆಯುವವರು ಸಾಕ್ಷಿಗಳಾಗದಿರುವುದು ಒಳ್ಳೆಯದು. ಬದುಕಿರುವಷ್ಟು ದಿನ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸ್ವಂತ ದುಡಿಮೆಯ ಆಸ್ತಿಯನ್ನು ಇಷ್ಟ ಬಂದವರಿಗೆ ಬರೆಯಬಹುದು. ಊರಿನ ಪಿತ್ರಾರ್ಜಿತ ಮನೆಯಲ್ಲಿ ತನ್ನ ಪಾಲನ್ನು ಮಾತ್ರ. ಮುಸಲ್ಮಾನ ಬಂಧುಗಳಿಗೆ ಅವರ ಧರ್ಮದ ಕಾನೂನಿನಂತೆ ಮೂರರಲ್ಲೊಂದು ಪಾಲಿನ ಮಿತಿಯಿದೆ. ಅಣ್ಣನ ಮೇಲೆ ನಿಜವಾಗಿಯೂ ಪ್ರೀತಿಯಿದ್ದು ಆತನಿಗೊಂದಿಷ್ಟು ಕೊಡಬೇಕೆಂದಿದ್ದರೆ ಅದಕ್ಕೆ ಜಾಗ ಉಯಿಲು, ನಾಮಿನಿಯ ಸಾಲಲ್ಲ.

ಬ್ಯಾಂಕುಗಳ ಮಟ್ಟಿಗೆ ಇತ್ತೀಚೆಗೆ ಒಂದು ಅನುಕೂಲವಾಗಿದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಿ, ಯಾರಿಗೆ ನೂರಕ್ಕೆ ಎಷ್ಟೆಂದು ಸೂಚಿಸಬಹುದು. ಹೆಂಡತಿಯನ್ನೂ ತಾಯಿಯನ್ನೂ ಒಟ್ಟಿಗೆ ಹೆಸರಿಸಲು ಇನ್ನು ಅಡ್ಡಿಯಿಲ್ಲ. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಒಪ್ಪಿಸುತ್ತವೆ. ವಾರಸುದಾರರು ಆಮೇಲೂ ಬ್ಯಾಂಕಿನ ಮೂಲಕ ಅದನ್ನು ಕೇಳಬಹುದು. ಅಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆದಿದೆ. ಆದರೆ ಗಂಡನಿಗೆ ಖಾತೆಯಿತ್ತೆಂಬುದನ್ನೇ ಅರಿಯದ ಹೆಂಡತಿ ಏನನ್ನೆಂದು ಹುಡುಕಿಯಾಳು?

ಈ ವಿಷಯದಲ್ಲಿ ಕೆಲಸಗಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಅಚ್ಚಾದ ಫಾರಮನ್ನು ಮುಂದಿಟ್ಟು ‘ಇಲ್ಲಿ ರುಜು ಹಾಕು’ ಎಂದವರು ಮಾಲಕರು, ಲೆಕ್ಕದವರು, ಏಜೆಂಟರು. ಹುಡುಗನಿಗೆ ಮದುವೆಯಾದುದು ಮಾಲಕರಿಗೆ ತಿಳಿಯದ ಸಂಗತಿಯೂ ಅಲ್ಲ. ರಜೆ ಕೊಟ್ಟವರು, ಉಡುಗೊರೆ ಕೊಟ್ಟವರು ಅವರೇ. ರಜೆ ಮುಗಿಸಿ ಬಂದವನ ಕೈಗೆ ಹೊಸ ನಾಮನಿರ್ದೇಶನದ ಫಾರಮನ್ನೂ ಕೊಡುವುದು ಎಷ್ಟರ ಕೆಲಸ? ನಮ್ಮ ವೃತ್ತಿಬಾಂಧವರಾದ ಮಾಲಕರಲ್ಲಿ ನಮ್ಮ ಬಿನ್ನಹವಿಷ್ಟು: ದೀಪಾವಳಿಯ ಬೋನಸ್ಸು ಹಂಚುವ ದಿನ, ಲಕೋಟೆ ಕೊಡುವ ಮೊದಲು, ಪ್ರತಿಯೊಬ್ಬನ ನಾಮಿನಿ ಯಾರೆಂಬುದನ್ನು ಕನ್ನಡದಲ್ಲಿ ಓದಿ ಹೇಳಿಸಿರಿ. ಕನ್ನಡ ಸಂಘಗಳು ವರ್ಷಕ್ಕೊಂದು ಭಾನುವಾರ ತಮ್ಮ ಸಭಾಗೃಹದಲ್ಲಿ ಒಬ್ಬ ವಕೀಲರನ್ನೂ ಒಬ್ಬ ಬ್ಯಾಂಕು ನೌಕರರನ್ನೂ ಕೂರಿಸಿ ಉಯಿಲು ಬರೆಯಿಸುವ ಏರ್ಪಾಡು ಮಾಡಲಿ. ಸಾಕ್ಷಿಗಳಿಗೆ ಅಲ್ಲಿ ಬರಗಾಲವಿರದು. ಕೆಲಸಗಾರ ಬಂಧುಗಳು ಮುಂದಿನ ಸಲ ಊರಿಗೆ ಹೋಗುವಾಗ ಬ್ಯಾಂಕು, ವಿಮೆ, ಭವಿಷ್ಯನಿಧಿ, ಚೀಟಿ ಇವುಗಳ ಸಂಖ್ಯೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಮನೆಯಲ್ಲಿಟ್ಟು ಬರಲಿ. ಇಟ್ಟ ಜಾಗವನ್ನು ಹೆಂಡತಿಗೂ ತಾಯಿಗೂ ತೋರಿಸಲಿ.