ಸೋರುವ ಬೆಳಕು ಮತ್ತು "ನಾರ್ಮಲ್ ಸಾರ್"

"ವಿತಿನ್ ಸ್ಪೆಸಿಫಿಕೇಶನ್" ಅನ್ನೋ ಎರಡು ಪದ ಕಿವಿಗೆ ಬಿದ್ದರೆ ಸಾಕು, ಈಗೀಗ ನನಗೆ ಮೈಯೆಲ್ಲ ಉರಿಯುತ್ತೆ. ಹೊಸ ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಬೆಳಕು ಸೋರ್ತಾ ಇದೆ ಅಂತ ದೂರು ಕೊಟ್ಟವರಿಗೆ ಸಿಗುವ ಪ್ರಸಾದ ಇದು. ಮಳೆಗಾಲದಲ್ಲಿ ಮೇಲಿನ ಮನೆಯ ಬಚ್ಚಲು ನಮ್ಮ ತಲೆ ಮೇಲೆ ಸೋರಿದಾಗ ನಮ್ಮ ಮುಂಬಯಿಯ ಸೊಸೈಟಿ ಸೆಕ್ರೆಟರಿ ಕೂಡ ಇಷ್ಟು ಧೈರ್ಯವಾಗಿ "ಇದು ನಾರ್ಮಲ್" ಅನ್ನಲ್ಲ. ಬಂದು ನೋಡಿ, ಅಯ್ಯೋ ಅಂತಾದ್ರೂ ಅಂದು ಹೋಗ್ತಾನೆ.

ಬ್ಯಾಕ್‌ಲೈಟ್ ಬ್ಲೀಡ್ ಅಂದ್ರೆ ಏನು ಅಂತ ಕೇಳೋರಿಗೆ ಎರಡು ಮಾತು. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಅಂಚಿನಲ್ಲಿ ಸಾಲಾಗಿ ಎಲ್‌ಇಡಿ ಇಟ್ಟು, ಒಂದು ಪಾರದರ್ಶಕ ಹಾಳೆಯ ಮೂಲಕ ಬೆಳಕನ್ನು ಪರದೆಯ ಹಿಂಬದಿಗೆಲ್ಲ ಹರಡಿರುತ್ತಾರೆ. ಚಿತ್ರ ಕಪ್ಪಾಗಬೇಕಾದರೂ ಆ ದೀಪ ಆರೋದಿಲ್ಲ. ಮುಂದಿರುವ ದ್ರವಸ್ಫಟಿಕದ ಪದರ ಬೆಳಕನ್ನು ತಡೆಯುತ್ತೆ ಅಷ್ಟೆ. ಬಾಗಿಲ ಹಿಂದೆ ದೀಪ ಉರೀತಾನೇ ಇದೆ ಅಂದುಕೊಳ್ಳಿ. ಚೌಕಟ್ಟು ಒಂದು ಕಡೆ ಜಾಸ್ತಿ ಒತ್ತಿದರೆ, ತೆಳ್ಳಗಿನ ಪ್ಯಾನೆಲ್ ಕೂದಲೆಳೆಯಷ್ಟು ಸೊಟ್ಟಗಾದರೆ, ಅಲ್ಲಿಂದ ಬೆಳಕು ನುಗ್ಗುತ್ತೆ. ಲ್ಯಾಪ್‌ಟಾಪನ್ನು ಹಪ್ಪಳದಷ್ಟು ತೆಳ್ಳಗೆ ಮಾಡಬೇಕು ಅನ್ನೋ ಹುಚ್ಚು ಹಿಡಿದ ಮೇಲೆ ಹೀಗೆ ಸೊಟ್ಟಗಾಗದೆ ಇನ್ನೇನಾಗುತ್ತೆ ಹೇಳಿ.

ಕಂಪನಿಗಳ ಕಡೆಯ ಮಾತನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ನ್ಯಾಯವಲ್ಲ. ಸಾಧಾರಣ ಐಪಿಎಸ್ ಪರದೆಯ ಕಾಂಟ್ರಾಸ್ಟ್ ಸುಮಾರು 1000:1. ಅಂದ್ರೆ ಬಿಳಿ 250 ನಿಟ್ ಇದ್ದರೆ ಕಪ್ಪು ಅಂದದ್ದು 0.25 ನಿಟ್, ಸೊನ್ನೆ ಅಲ್ಲವೇ ಅಲ್ಲ. ಸೊನ್ನೆ ಬೇಕಂದ್ರೆ ಪ್ರತಿ ಪಿಕ್ಸೆಲ್ಲೂ ತಾನೇ ಉರಿದು ತಾನೇ ಆರುವ ಓಎಲ್‌ಇಡಿಗೆ ಹೋಗಬೇಕು. ಜತೆಗೆ ಐಪಿಎಸ್ ಗ್ಲೋ ಅಂತ ಇನ್ನೊಂದಿದೆ. ತಲೆ ಆಚೀಚೆ ಸರಿಸಿದಾಗ ಮೂಲೆಯ ಮಬ್ಬು ಬೆಳಕು ಜಾಗ ಬದಲಿಸಿದರೆ ಅದು ಗ್ಲೋ, ಆ ಜಾತಿಯ ಪರದೆಯ ಹುಟ್ಟುಗುಣ. ಎಲ್ಲಿಂದ ನೋಡಿದರೂ ಅಲ್ಲೇ ಜಪ್ಪಯ್ಯ ಅಂತ ಕೂತಿದ್ದರೆ ಬ್ಲೀಡ್. ಒಪ್ಪಿದೆ. ಆದರೆ ನಡುವೆ 0.25 ನಿಟ್ ಇರಬೇಕಾದ ಕಪ್ಪು ಮೂಲೆಯಲ್ಲಿ 1 ನಿಟ್ ಇದ್ದರೆ? ನಾಲ್ಕು ಪಟ್ಟು! ಇದನ್ನು ನಾರ್ಮಲ್ ಅನ್ನೋದಾದರೆ ಅಬ್‌ನಾರ್ಮಲ್ ಎಲ್ಲಿಂದ ಶುರು? ಎರಡು ಪಟ್ಟಿಗೋ, ಹತ್ತು ಪಟ್ಟಿಗೋ? ನನ್ನ ತಕರಾರಿರೋದು ಇಲ್ಲಿ.

ನಾನು ಬ್ಯಾಂಕಿನವನು, ಹಾಗಾಗಿ ಬ್ಯಾಂಕಿನ ಲೆಕ್ಕ ಹೇಳ್ತೀನಿ. ನೀವು ಒಂದು ಹರಿದ ನೋಟು ತಂದರೆ ಕ್ಯಾಶಿಯರ್ ಮುಖ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. ರಿಸರ್ವ್ ಬ್ಯಾಂಕಿನ 2009ರ ನೋಟ್ ರೀಫಂಡ್ ನಿಯಮ ಇದೆ. 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನ ಅತಿ ದೊಡ್ಡ ತುಂಡು ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ದುಡ್ಡು, 40ರಿಂದ 80ರ ಒಳಗಿದ್ದರೆ ಅರ್ಧ, ಅದಕ್ಕೂ ಕಡಿಮೆ ಇದ್ದರೆ ಇಲ್ಲ. ಚದರ ಸೆಂಟಿಮೀಟರ್ ಲೆಕ್ಕದ ಪಟ್ಟಿಯೇ ಉಂಟು. ಗಿರಾಕಿ ಜಗಳ ಆಡಿದರೆ ಅಳೆದು ತೋರಿಸ್ತೇವೆ. 50 ರೂಪಾಯಿಗೆ ಇರೋ ಈ ಮರ್ಯಾದೆ 68,000 ರೂಪಾಯಿಯ ಯಂತ್ರಕ್ಕೆ ಇಲ್ಲ ಅಂದರೆ ಏನರ್ಥ ಸ್ವಾಮಿ?

ಅಳೆಯೋಕೆ ಬರೋದಿಲ್ಲ ಅಂತೇನೂ ಇಲ್ಲ. ಕೆಟ್ಟ ಪಿಕ್ಸೆಲ್‌ಗಳಿಗೆ 2001ರ ಐಎಸ್‌ಒ 13406-2ರಲ್ಲೇ ಲೆಕ್ಕ ಇತ್ತು: ಎರಡನೇ ದರ್ಜೆಯ ಪರದೆಯಲ್ಲಿ ಹತ್ತು ಲಕ್ಷಕ್ಕೆ ಸದಾ ಉರಿಯುವ ಪಿಕ್ಸೆಲ್ ಎರಡು ಇರಬಹುದು ಅಂತ. ಆಮೇಲೆ 2008ರಲ್ಲಿ ಐಎಸ್‌ಒ 9241ರ ಸರಣಿ ಬಂತು. ಪ್ಯಾನೆಲ್ ತಯಾರಕರ ಡೇಟಾಶೀಟ್ ತೆಗೆದರೆ ಪರದೆಯ 5 ಕಡೆ, 13 ಕಡೆ ಬೆಳಕು ಅಳೆದು ಎಷ್ಟು ಹೆಚ್ಚುಕಡಿಮೆ ಇರಬಹುದು ಅಂತ ಬರೆದಿರುತ್ತೆ. ತಮಾಷೆ ಏನು ಗೊತ್ತಾ? ಆ ಅಳತೆ ಬಿಳಿ ಪರದೆಯ ಮೇಲೆ. ಸೋರೋದು ಕಾಣೋದು ಕಪ್ಪಿನಲ್ಲಿ!

ಮಗಳ ಲ್ಯಾಪ್‌ಟಾಪ್ ನೋಡೋಕೆ ಮನೆಗೆ ಬಂದ ಸರ್ವಿಸ್ ಹುಡುಗ ಕಿಟಕಿ ಪರದೆ ಸರಿಸಿ, ಟ್ಯೂಬ್‌ಲೈಟ್ ಹಾಕಿ, "ಕಾಣಿಸ್ತಾನೇ ಇಲ್ವಲ್ಲ ಸರ್" ಅಂದ. ದೀಪ ಆರಿಸಿ ತೋರಿಸಿದೆ. "ಅಂಧೇರೆ ಮೇ ಕೌನ್ ದೇಖ್ತಾ ಹೈ?" ಅಂದ. ಯಾರು ನೋಡ್ತಾರೆ ಅಂದ್ರೆ ನಾವು ನೋಡ್ತೀವಪ್ಪಾ! ಒಂದೂವರೆ ರೂಮಿನ ಮನೆಯಲ್ಲಿ ಅಮ್ಮ ಒಂಬತ್ತೂವರೆಗೆ ಮಲಗಿದ ಮೇಲೆ ದೀಪ ಹಾಕೋ ಹಾಗಿಲ್ಲ. ಮಗಳ ಓದು, ಕೋಡಿಂಗು, ನನ್ನ ಹಳೇ ಕನ್ನಡ ಸಿನಿಮಾ ಎಲ್ಲ ಆಮೇಲೇ. 'ಬೇಡರ ಕಣ್ಣಪ್ಪ'ದ ಕಾಲದ ಚೌಕಾಕಾರದ ಚಿತ್ರ ಈಗಿನ ಅಗಲ ಪರದೆಯಲ್ಲಿ ಹಾಕಿದರೆ ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತೆ. ಎಡಗಡೆ ಪಟ್ಟಿಯ ಕೆಳಗೆ ಯಾರೋ ಟಾರ್ಚ್ ಹಿಡಿದು ನಿಂತ ಹಾಗೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಕೈಯಲ್ಲಿದ್ದದ್ದು ಒಂದು ಫಾರ್ಮು, ಅದರಲ್ಲಿ "ನೋ ಇಶ್ಯೂ ಫೌಂಡ್" ಅನ್ನೋ ಚೌಕ.

ಇನ್ನು ಅಂಚನ್ನು ಬೆರಳಿನಿಂದ ತೀಡಿ, ಸ್ಕ್ರೂ ಸಡಿಲಿಸಿ ಅಂತ ವಿಡಿಯೋಗಳಲ್ಲಿ ಪುಕ್ಕಟೆ ಸಲಹೆ ಕೊಡೋ ಮಹಾಶಯರು. ಸ್ಕ್ರೂ ಸಡಿಲಿಸಿದರೆ ಒಮ್ಮೊಮ್ಮೆ ಕಡಿಮೆ ಆಗೋದು ನಿಜವೇ. ಆದರೆ ಪ್ಯಾನೆಲ್ ಒಡೆದರೆ, ವಾರಂಟಿ ಹೋದರೆ, ನಷ್ಟ ಯಾರಿಗೆ? ತಪ್ಪು ಕಾರ್ಖಾನೆಯದು, ರಿಪೇರಿ ಗಿರಾಕಿಯ ಹೆಬ್ಬೆರಳಿನದು, ಇದ್ಯಾವ ವ್ಯಾಪಾರ?

ಅದರ ಬದಲು ಕಾಗದ ಪತ್ರ ಗಟ್ಟಿ ಮಾಡಿಕೊಳ್ಳಿ. ಆನ್‌ಲೈನಿನಲ್ಲಿ ಕೊಂಡರೆ ವಾಪಸ್ ಕೊಡುವ ಅವಧಿ ಏಳೋ ಹತ್ತೋ ದಿನ ಇರುತ್ತೆ, ಹಾಗಾಗಿ ಬಂದ ರಾತ್ರಿಯೇ ಪೂರ್ತಿ ಕಪ್ಪು ಚಿತ್ರ ಹಾಕಿ, ದಿನನಿತ್ಯ ಇಟ್ಟುಕೊಳ್ಳುವ ಬ್ರೈಟ್‌ನೆಸ್‌ನಲ್ಲೇ ನೋಡಿ. ಫೋಟೋ ತೆಗೆದರೆ ಮೊಬೈಲ್ ತಾನೇ ಬೆಳಕು ಏರಿಸಿ ಬ್ಲೀಡನ್ನು ದೀಪಾವಳಿ ಮಾಡಿಬಿಡುತ್ತೆ, ಕಂಪನಿಯವರು ಅದನ್ನೇ ಹಿಡಿದು ದೂರು ತಳ್ಳಿಹಾಕ್ತಾರೆ. ಎಕ್ಸ್‌ಪೋಶರ್ ಲಾಕ್ ಮಾಡಿ, ಕ್ಯಾಮರಾ ಆಚೀಚೆ ಸರಿಸಿ ವಿಡಿಯೋ ಮಾಡಿ. ದೂರು ಫೋನಿನಲ್ಲಿ ಬೇಡ, ಇ-ಮೇಲಿನಲ್ಲಿ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥ ಊರು ಬಿಟ್ಟವರಿಗೆ ಒಳ್ಳೇದೇ ಮಾಡಿದೆ. ಅಂಗಡಿ ಎಲ್ಲೇ ಇರಲಿ, ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷ ಕಾಲಾವಕಾಶ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಮನೆಯ ದೂರು ಸದ್ಯಕ್ಕೆ ಐದನೇ ಇ-ಮೇಲಿನಲ್ಲಿದೆ. ಅವರು ಕೇಳಿದ ಬಿಲ್ಲು, ಸೀರಿಯಲ್ ನಂಬರು, ವಿಡಿಯೋ ಎಲ್ಲ ಕಳಿಸಿದ್ದೀನಿ. ನಾನು ಕೇಳಿದ್ದು ಒಂದೇ: ಆ ನಿಮ್ಮ ಸ್ಪೆಸಿಫಿಕೇಶನ್ ಎಷ್ಟು ನಿಟ್? "ನಿಮ್ಮ ಸಹನೆಗೆ ಧನ್ಯವಾದ" ಅಂತ ಉತ್ತರ ಬಂದಿದೆ.